ಇಟ್ಟಿಗೆ ಒಡೆಯುವ ಚೆಂಡು: ಗೋಡೆಯ ನ್ಯಾಯ, ಹಲಗೆಯ ನ್ಯಾಯ



ಪೇರಿಸಿಟ್ಟದ್ದನ್ನು ಚೆಂಡಿನಿಂದ ಹೊಡೆದು ಬೀಳಿಸುವ ಆಟ ಮಕ್ಕಳಿಗೆ ಎಂದೂ ಬೇಸರ ತರುವುದಿಲ್ಲ. ಚನ್ನಗಿರಿಯ ಶಾಲೆಯ ಬಯಲಾಗಲಿ, ಹೊನ್ನಾಳಿಯ ಹೊಳೆದಂಡೆಯಾಗಲಿ, ನ್ಯಾಮತಿಯ ಓಣಿಯಾಗಲಿ, ಜಗಳೂರಿನ ಒಣನೆಲವಾಗಲಿ, ಏಳು ಚಪ್ಪಟೆ ಕಲ್ಲು ಮತ್ತು ಒಂದು ಚೆಂಡು ಸಿಕ್ಕರೆ ಲಗೋರಿ ಶುರುವಾಗಲು ಅಷ್ಟೇ ಸಾಕು. ಒಂದು ಪಂಗಡದವನು ಗುರಿಯಿಟ್ಟು ಕಲ್ಲುಗಳನ್ನು ಉರುಳಿಸುತ್ತಾನೆ. ಎದುರು ಪಂಗಡದವರು ಚೆಂಡನ್ನು ಹಿಡಿದು ಬೆನ್ನಿಗೆ ಬಾರಿಸುವ ಮೊದಲೇ ಅವನ ಕಡೆಯವರು ಆ ಕಲ್ಲುಗಳನ್ನು ಮತ್ತೆ ಪೇರಿಸಬೇಕು. ಆಟ ಸರಳ. ಆದರೆ ಚೆಂಡು ಎಲ್ಲಿ ಪುಟಿಯುತ್ತದೆ, ಯಾವ ಕಡೆಗೆ ಜಾರುತ್ತದೆ ಎಂಬುದನ್ನು ಊಹಿಸುವುದು ಸರಳವಲ್ಲ. ಗೆಲುವು ಸೋಲು ನಿಂತಿರುವುದು ಆ ಊಹೆಯ ಮೇಲೆಯೇ.

ಇದೇ ಆಸೆಯನ್ನು ಯಂತ್ರದೊಳಗೆ ಕೂರಿಸಿದ ಒಂದು ಆಟ 1976ರಲ್ಲಿ ಅಮೆರಿಕದಲ್ಲಿ ಬಂದಿತು. ಅದರ ಹೆಸರು ಬ್ರೇಕ್‌ಔಟ್. ತಯಾರಿಸಿದ್ದು ಕ್ಯಾಲಿಫೋರ್ನಿಯಾದ ಅಟಾರಿ ಕಂಪನಿ. ಮುಂದೆ ಇದರ ನೂರಾರು ನಕಲುಗಳು, ತಮ್ಮಂದಿರು, ಮೊಮ್ಮಕ್ಕಳು ಹುಟ್ಟಿಕೊಂಡರು. 1990ರ ದಶಕದಲ್ಲಿ ಪೇಟೆಯ ಅಂಗಡಿಗಳಲ್ಲಿ, ಜಾತ್ರೆಗಳಲ್ಲಿ ಮಾರಾಟವಾಗುತ್ತಿದ್ದ ಅಂಗೈಯಗಲದ ‘ಬ್ರಿಕ್ ಗೇಮ್’ ಪೆಟ್ಟಿಗೆಗಳಲ್ಲೂ ಇದರ ಒಂದು ಅವತಾರವಿರುತ್ತಿತ್ತು. ಇಂದು ಮೊಬೈಲ್ ಫೋನಿನಲ್ಲಿ ಇದನ್ನು ಆಡದ ಮಕ್ಕಳು ಅಪರೂಪ. ಆಡಿದವರು ಬಹಳ, ಆದರೆ ಆ ಚೆಂಡು ಯಾವ ನ್ಯಾಯಕ್ಕೆ ತಲೆಬಾಗಿ ಓಡಾಡುತ್ತದೆ ಎಂದು ಕೇಳಿಕೊಂಡವರು ಕಡಿಮೆ. ಕೇಳಿಕೊಂಡರೆ ಒಂದು ಸ್ವಾರಸ್ಯ ಹೊರಬರುತ್ತದೆ. ಆ ಒಂದೇ ಚೆಂಡು ಎರಡು ನ್ಯಾಯಾಲಯಗಳ ನಡುವೆ ಓಡಾಡುತ್ತಿರುತ್ತದೆ. ಒಂದರ ಕಾನೂನು ಪ್ರಕೃತಿಯದು. ಇನ್ನೊಂದರ ಕಾನೂನು ಮನುಷ್ಯ ಬರೆದದ್ದು.

ಮೊದಲು ಆಟದ ಸ್ವರೂಪ. ಪರದೆಯ ಮೇಲ್ಭಾಗದಲ್ಲಿ ಇಟ್ಟಿಗೆಗಳ ಗೋಡೆ. ಎಂಟು ಸಾಲು, ಸಾಲಿಗೆ 14 ಇಟ್ಟಿಗೆ, ಒಟ್ಟು 112. ಕೆಳಗಿನಿಂದ ಮೇಲಕ್ಕೆ ಎರಡೆರಡು ಸಾಲಿಗೆ ಒಂದೊಂದು ಬಣ್ಣ: ಹಳದಿ, ಹಸಿರು, ಕಿತ್ತಳೆ, ಕೆಂಪು. ಹಳದಿ ಇಟ್ಟಿಗೆ ಒಡೆದರೆ 1 ಅಂಕ, ಹಸಿರಿಗೆ 3, ಕಿತ್ತಳೆಗೆ 5, ಕೆಂಪಿಗೆ 7. ಲೆಕ್ಕ ಹಾಕಿದರೆ ಒಂದು ಗೋಡೆಗೆ 448 ಅಂಕ. ಪೂರ್ತಿ ಒಡೆದವನಿಗೆ ಯಂತ್ರ ಇನ್ನೊಂದು ಗೋಡೆ ಕಟ್ಟಿಕೊಡುತ್ತದೆ, ಅಲ್ಲಿಗೆ ಮುಗಿಯಿತು. ಹೀಗಾಗಿ ಒಬ್ಬ ಆಟಗಾರ ಪಡೆಯಬಹುದಾದ ಗರಿಷ್ಠ ಅಂಕ 896. ಪರದೆಯ ಕೆಳಗೆ ಒಂದು ಚಿಕ್ಕ ಅಡ್ಡಪಟ್ಟಿ. ಇಂಗ್ಲಿಷಿನಲ್ಲಿ ಅದನ್ನು ಪ್ಯಾಡಲ್ ಎನ್ನುತ್ತಾರೆ. ಇಲ್ಲಿ ಹಲಗೆ ಎನ್ನೋಣ. ರೇಡಿಯೋದ ಧ್ವನಿ ಏರಿಸುವ ಗುಂಡಿಯಂಥದೊಂದನ್ನು ತಿರುಗಿಸಿದರೆ ಹಲಗೆ ಎಡಕ್ಕೂ ಬಲಕ್ಕೂ ಸರಿಯುತ್ತದೆ. ಚೆಂಡು ಕೆಳಗೆ ಬಂದಾಗ ಹಲಗೆ ಅಡ್ಡವಿಟ್ಟು ಮೇಲಕ್ಕೆ ಕಳಿಸಬೇಕು. ತಪ್ಪಿದರೆ ಚೆಂಡು ಹೋಯಿತು. ಇರುವುದು ಮೂರು ಅವಕಾಶ.

ಆ ಬಣ್ಣಗಳ ಗುಟ್ಟೂ ತಿಳಿಯಬೇಕಾದದ್ದೇ. ಮೂಲ ಯಂತ್ರದ ಪರದೆ ಕಪ್ಪು-ಬಿಳುಪಿನದು. ಇಟ್ಟಿಗೆಗಳಿರುವ ಜಾಗದ ಮೇಲೆ ಬಣ್ಣದ ಪಾರದರ್ಶಕ ಪಟ್ಟಿಗಳನ್ನು ಅಂಟಿಸಿದ್ದರು. ಕಪ್ಪು-ಬಿಳುಪು ಟಿ.ವಿ.ಯ ಮುಂದೆ ಬಣ್ಣದ ಪ್ಲಾಸ್ಟಿಕ್ ಹಾಳೆ ಸಿಕ್ಕಿಸಿ ಬಣ್ಣದ ಟಿ.ವಿ. ಎಂದು ಸಂತೋಷಪಟ್ಟ ಮನೆಗಳು ಈ ಕಡೆಯೂ ಇದ್ದವಲ್ಲ, ಅದೇ ಉಪಾಯ.

ಇನ್ನು ಚೆಂಡು. ಹಳೆಯ ಯಂತ್ರದಲ್ಲಿ ಅದು ನಿಜವಾಗಿ ಏನು? ದುಂಡಗೂ ಇರಲಿಲ್ಲ, ಒಂದು ಚೌಕಾಕಾರದ ಬೆಳಕಿನ ಚುಕ್ಕೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ ಅದು ವಸ್ತುವೇ ಅಲ್ಲ, ಒಂದು ಕ್ಷಣ. ಹಳೆಯ ಟಿ.ವಿ.ಯ ಪಿಕ್ಚರ್ ಟ್ಯೂಬಿನೊಳಗೆ ಎಲೆಕ್ಟ್ರಾನುಗಳ ಕಿರಣವೊಂದು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಹೊಲ ಉಳುವವನ ಸಾಲಿನಂತೆ ಗೆರೆ ಎಳೆಯುತ್ತ ಬರುತ್ತದೆ. ಅಮೆರಿಕದ ಟಿ.ವಿ.ಯಲ್ಲಿ ಸೆಕೆಂಡಿಗೆ 60 ಸಲ ಇಡೀ ಪರದೆಯನ್ನು ಉತ್ತು ಮುಗಿಸುತ್ತದೆ. ಈ ಓಟದಲ್ಲಿ ಒಂದು ನಿರ್ದಿಷ್ಟ ಕ್ಷಣದಲ್ಲಿ ಮಾತ್ರ ಕಿರಣವನ್ನು ಪ್ರಖರಗೊಳಿಸಿದರೆ ಅಲ್ಲೊಂದು ಬಿಳಿಚುಕ್ಕೆ ಕಾಣುತ್ತದೆ. ಅದೇ ಚೆಂಡು.

ಹಾಗಾದರೆ ಅದು ಚಲಿಸುವುದು ಹೇಗೆ? ಆ ಕಾಲದ ಆಟದ ಯಂತ್ರಗಳಲ್ಲಿ ಕಂಪ್ಯೂಟರಿನ ಮಿದುಳಾದ ಮೈಕ್ರೊಪ್ರೊಸೆಸರ್ ಇರಲಿಲ್ಲ, ಪ್ರೋಗ್ರಾಂ ಇರಲಿಲ್ಲ. ಇದ್ದದ್ದು ಎಣಿಸಲು ಮಾತ್ರ ಬಲ್ಲ ಪುಟ್ಟ ಚಿಪ್‌ಗಳು. ಒಂದು ಊರಿನಲ್ಲಿ ಎರಡು ಗಂಟೆಗಳಿವೆ ಎಂದುಕೊಳ್ಳಿ. ಒಂದು ಸರಿಯಾಗಿ 60 ನಿಮಿಷಕ್ಕೊಮ್ಮೆ ಬಾರಿಸುತ್ತದೆ. ಇನ್ನೊಂದು 61 ನಿಮಿಷಕ್ಕೊಮ್ಮೆ. ಮೊದಲ ಸಲ ಎರಡೂ ಒಟ್ಟಿಗೆ ಕೇಳಿಸಿದರೂ ಎರಡನೆಯದು ಪ್ರತಿ ಸುತ್ತಿಗೂ ಒಂದು ನಿಮಿಷ ಹಿಂದೆ ಬೀಳುತ್ತದೆ. ಪರದೆಯದು ಒಂದು ಎಣಿಕೆ, ಚೆಂಡಿನದು ಇನ್ನೊಂದು. ಎರಡೂ ಸಮನಾಗಿದ್ದರೆ ಚೆಂಡು ನಿಂತಲ್ಲೇ ನಿಂತಿರುತ್ತದೆ. ಚೆಂಡಿನ ಎಣಿಕೆ ಸ್ವಲ್ಪ ಉದ್ದವಾದರೆ ಬೆಳಕು ಪ್ರತಿ ಸುತ್ತಿನಲ್ಲೂ ಕೊಂಚ ತಡವಾಗಿ ಮೂಡಿ ಚುಕ್ಕೆ ಬಲಕ್ಕೆ ಸರಿಯುತ್ತದೆ. ಸ್ವಲ್ಪ ಗಿಡ್ಡವಾದರೆ ಎಡಕ್ಕೆ ಸರಿಯುತ್ತದೆ. ಮೇಲೆ ಕೆಳಗೆ ಸರಿಯಲು ಇಂಥದೇ ಪ್ರತ್ಯೇಕ ಎಣಿಕೆ. ಕಣ್ಣಿಗೆ ಓಡುವ ಚೆಂಡು. ಒಳಗೆ ತಾಳ ತಪ್ಪಿದ ಎರಡು ಗಡಿಯಾರ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಅಡ್ಡ ಚಲನೆ ಬೇರೆ, ಲಂಬ ಚಲನೆ ಬೇರೆ. ಮುಂದೆ ಕಂಪ್ಯೂಟರ್ ಬಂದು ಎಣಿಕೆಯ ಚಿಪ್‌ಗಳು ಹೋದವು. ಆದರೆ ಈ ವಿಂಗಡಣೆ ಹಾಗೆಯೇ ಉಳಿಯಿತು. ಇಂದಿನ ಪ್ರೋಗ್ರಾಮಿನಲ್ಲೂ ಚೆಂಡಿನ ವೇಗವೆಂದರೆ ಎರಡು ಸಂಖ್ಯೆಗಳು. ಪ್ರತಿ ಹೆಜ್ಜೆಗೆ ಬಲಕ್ಕೆ 3 ಚುಕ್ಕೆ, ಮೇಲಕ್ಕೆ 4 ಚುಕ್ಕೆ ಎಂದಿಟ್ಟುಕೊಳ್ಳಿ. ಬಲಗೋಡೆಗೆ ತಾಗಿದರೆ 3 ಎಂಬುದು ಋಣ 3 ಆಗುತ್ತದೆ, 4 ಬದಲಾಗುವುದಿಲ್ಲ. ಮೇಲ್ಗೋಡೆಗೆ ತಾಗಿದರೆ 4 ಎಂಬುದು ಋಣ 4 ಆಗುತ್ತದೆ, 3 ಬದಲಾಗುವುದಿಲ್ಲ. ಮೂಲೆಗೆ ಸರಿಯಾಗಿ ಬಡಿದರೆ ಎರಡೂ ತಿರುಗಿ, ಚೆಂಡು ಬಂದ ದಾರಿಯಲ್ಲೇ ವಾಪಸಾಗುತ್ತದೆ. ಶಾಲೆಯಲ್ಲಿ ಕಲಿತ ಪೈಥಾಗೊರಸ್‌ನ ಪ್ರಮೇಯದಂತೆ 3 ಮತ್ತು 4 ಸೇರಿ ಓರೆದಾರಿಯಲ್ಲಿ ಚೆಂಡಿನ ವೇಗ 5. ಚಿಹ್ನೆ ಎಷ್ಟು ಸಲ ತಿರುಗಿದರೂ ಆ 5 ಐದಾಗಿಯೇ ಇರುತ್ತದೆ. ಗೋಡೆ ದಿಕ್ಕನ್ನು ಬದಲಿಸುತ್ತದೆಯೇ ಹೊರತು ವೇಗವನ್ನು ಕದಿಯುವುದಿಲ್ಲ.

ಇದು ಯಾರೋ ಆಟಕ್ಕಾಗಿ ಕಟ್ಟಿದ ನಿಯಮವಲ್ಲ. ಬಂದ ಕೋನ ಎಷ್ಟೋ ಹೋದ ಕೋನವೂ ಅಷ್ಟೇ ಎಂಬ ಪ್ರತಿಫಲನದ ನಿಯಮ. ಅದನ್ನು ನೋಡಲು ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ಹೋದರೆ ಸಾಕು. ಪಾಳೆಯಗಾರರ ಕಾಲದ ಆ ಪುಷ್ಕರಣಿಯ ನಡುವೆ ವಸಂತ ಮಂಟಪವಿದೆ. ನೀರು ನಿಶ್ಚಲವಾಗಿದ್ದಾಗ ಮಂಟಪದ ಕೆಳಗೆ ಇನ್ನೊಂದು ಮಂಟಪ ತಲೆಕೆಳಗಾಗಿ ನಿಂತಿರುತ್ತದೆ. ಎಡ ಬಲ ಬದಲಾಗಿಲ್ಲ. ಮೇಲಿದ್ದದ್ದು ಮಾತ್ರ ಕೆಳಗಾಗಿದೆ. ಅಂದರೆ ನೀರಿನ ಮೇಲ್ಮೈ ಬೆಳಕಿನ ಲಂಬ ಚಲನೆಯ ಚಿಹ್ನೆಯನ್ನಷ್ಟೇ ತಿರುಗಿಸಿದೆ. ಆಟದ ಚೆಂಡು ಮೇಲ್ಗೋಡೆಗೆ ತಾಗಿದಾಗ ಆಗುವುದೂ ಇದೇ. 4 ಹೋಗಿ ಋಣ 4 ಬಂದದ್ದು, ಗೋಪುರದ ತುದಿ ನೀರಿನಾಳಕ್ಕೆ ಇಳಿದದ್ದು, ಎರಡೂ ಒಂದೇ ಗಣಿತ.

ಈ ನಿಯಮದ ಇನ್ನೊಂದು ಮುಖವನ್ನು ಹೊನ್ನಾಳಿಯ ತುಂಗಭದ್ರೆಯ ದಂಡೆಯಲ್ಲಿ ಕಲ್ಪಿಸಿಕೊಳ್ಳಬಹುದು. ಒಬ್ಬಾಕೆಯ ಮನೆ, ಅವಳ ಹೊಲ ಎರಡೂ ಹೊಳೆಯ ಒಂದೇ ಪಕ್ಕದಲ್ಲಿವೆ. ಮನೆಯಿಂದ ಹೊರಟು, ಹೊಳೆಯಲ್ಲಿ ಕೊಡ ತುಂಬಿಕೊಂಡು, ಹೊಲಕ್ಕೆ ಹೋಗಬೇಕು. ದಂಡೆಯ ಯಾವ ಜಾಗದಲ್ಲಿ ಕೊಡ ಮುಳುಗಿಸಿದರೆ ಒಟ್ಟು ನಡಿಗೆ ಕಡಿಮೆ? ಉತ್ತರ ಚೆಂದವಾಗಿದೆ. ಹೊಲ ಹೊಳೆಯ ಆಚೆ ದಡದ ಕಡೆಗೆ ಅಷ್ಟೇ ದೂರದಲ್ಲಿದೆ ಎಂದು, ಕನ್ನಡಿಯ ಬಿಂಬದಂತೆ, ಭಾವಿಸಿಕೊಳ್ಳಬೇಕು. ಮನೆಯಿಂದ ಆ ಬಿಂಬಕ್ಕೆ ನೇರ ಗೆರೆ ಎಳೆಯಬೇಕು. ಗೆರೆ ದಂಡೆಯನ್ನು ದಾಟುವ ಜಾಗವೇ ಕೊಡ ಮುಳುಗಿಸುವ ಜಾಗ. ಅಲ್ಲಿ ಬಂದ ಕೋನ, ಹೋದ ಕೋನ ಸಮ. ಬೆಳಕು ಕನ್ನಡಿಯಲ್ಲಿ ಅತಿ ಹತ್ತಿರದ ದಾರಿಯನ್ನೇ ಹಿಡಿಯುತ್ತದೆ ಎಂದು ಕ್ರಿಸ್ತಶಕ ಮೊದಲ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೀರೋ ಎಂಬ ಪಂಡಿತ ತೋರಿಸಿದ್ದ. ಕ್ಯಾರಂ ಆಡುವ ಹುಡುಗ ಸ್ಟ್ರೈಕರನ್ನು ಅಂಚಿನ ಕಟ್ಟಿಗೆಗೆ ತಾಗಿಸಿ ತನ್ನ ಕಾಯಿ ಹೊಡೆಯುವಾಗ, ಹೀರೋನ ಹೆಸರು ಕೇಳದಿದ್ದರೂ, ಮನಸ್ಸಿನಲ್ಲಿ ಇದೇ ಬಿಂಬಕ್ಕೆ ಗುರಿಯಿಡುತ್ತಾನೆ.

ಆದರೆ ಕ್ಯಾರಂ ಸ್ಟ್ರೈಕರ್ ಸ್ವಲ್ಪ ಓಡಿ ನಿಲ್ಲುತ್ತದೆ. ಲಗೋರಿಯ ಚೆಂಡು ನಾಲ್ಕು ಪುಟಿತಕ್ಕೆ ಸುಸ್ತಾಗುತ್ತದೆ. ನಿಜವಾದ ಚೆಂಡು ಪ್ರತಿ ಪೆಟ್ಟಿನಲ್ಲೂ ತನ್ನ ಶಕ್ತಿಯಲ್ಲಿ ಒಂದು ಪಾಲನ್ನು ಶಾಖಕ್ಕೆ, ಸದ್ದಿಗೆ, ನೆಲಕ್ಕೆ ತೆರುತ್ತದೆ. ಟೆನಿಸ್ ಚೆಂಡಿಗೆ ಅಂತರರಾಷ್ಟ್ರೀಯ ನಿಯಮವೇ ಇದೆ: 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ಅದು ಸುಮಾರು 135ರಿಂದ 147 ಸೆಂಟಿಮೀಟರ್ ಪುಟಿಯಬೇಕು. ಎಂದರೆ ಒಳ್ಳೆಯ ಚೆಂಡೂ ಅರ್ಧಕ್ಕಿಂತ ತುಸು ಹೆಚ್ಚು ಎತ್ತರವನ್ನಷ್ಟೇ ಮರಳಿ ಪಡೆಯುತ್ತದೆ. ಅದೂ ಗಟ್ಟಿ ನೆಲವಾದರೆ. ಬೇಸಿಗೆಯಲ್ಲಿ ಕಾದು ಬಿರಿದ ಜಗಳೂರಿನ ನೆಲದ ಮೇಲೆ ಎದೆಮಟ್ಟ ಏಳುವ ಚೆಂಡು, ಮಳೆ ಕುಡಿದು ಮೆತ್ತಗಾದ ನ್ಯಾಮತಿಯ ಮಣ್ಣಿನ ಮೇಲೆ ಮೊಣಕಾಲಿಗೂ ಬಾರದೆ ಉಳಿಯಬಹುದು. ಚೆಂಡು ಒಂದೇ, ನೆಲ ಬೇರೆ.

ಪರದೆಯ ಚೆಂಡಿಗೆ ಈ ಕಂದಾಯ ಯಾವುದೂ ಇಲ್ಲ. ಅದಕ್ಕೆ ಭೂಮಿಯ ಸೆಳೆತವಿಲ್ಲ. ಹಾಗಾಗಿ ಅದರ ದಾರಿ ಎಸೆದ ಕಲ್ಲಿನಂತೆ ಬಾಗುವುದಿಲ್ಲ, ನೇರ ಗೆರೆ. ಅದಕ್ಕೆ ಗಾಳಿಯ ತಡೆಯಿಲ್ಲ, ತಿರುಗುವಿಕೆಯಿಲ್ಲ, ದಣಿವಿಲ್ಲ. ಇಷ್ಟರಮಟ್ಟಿಗೆ ಅದು ಪ್ರಕೃತಿಯ ನಿಯಮವನ್ನು ಪ್ರಕೃತಿಗಿಂತಲೂ ಶುದ್ಧವಾಗಿ ಪಾಲಿಸುವ ಚೆಂಡು.

ಇಟ್ಟಿಗೆಗಳೂ ಗೋಡೆಯ ನ್ಯಾಯವನ್ನೇ ಪಾಲಿಸುತ್ತವೆ, ಆದರೆ ಒಂದೇ ಸಲ. ಪ್ರತಿ ಇಟ್ಟಿಗೆಯ ಬಗ್ಗೆಯೂ ಯಂತ್ರ ನೆನಪಿಡುವುದು ಇದೆ ಅಥವಾ ಇಲ್ಲ ಎಂಬ ಎರಡರಲ್ಲೊಂದನ್ನು. ಇದ್ದರೆ ಚೆಂಡು ಪುಟಿಯುತ್ತದೆ. ಆ ಕೂಡಲೇ ‘ಇದೆ’ ಎಂಬುದು ‘ಇಲ್ಲ’ ಆಗುತ್ತದೆ, ಅಂಕ ಏರುತ್ತದೆ.

ಈಗ ಹಲಗೆಗೆ ಬರೋಣ. ಹಲಗೆಯೂ ಗೋಡೆಯಂತೆ ನಡೆದುಕೊಂಡಿದ್ದರೆ ಏನಾಗುತ್ತಿತ್ತು? ಬಂದ ಕೋನದಲ್ಲೇ ಚೆಂಡನ್ನು ಕಳಿಸುವ ಹಲಗೆ ಎಂದುಕೊಳ್ಳಿ. ಆಗ ಚೆಂಡು ಮೊದಲ ಸಲ ಹೊರಟ ಕ್ಷಣದಲ್ಲೇ ಅದರ ಇಡೀ ಜಾತಕ ಬರೆದು ಮುಗಿದಿರುತ್ತಿತ್ತು. ಎಲ್ಲಿ ತಾಗುತ್ತದೆ, ಯಾವ ಇಟ್ಟಿಗೆ ಮೊದಲು ಒಡೆಯುತ್ತದೆ, ಯಾವುದು ಆಮೇಲೆ, ಎಲ್ಲವೂ ನಿಶ್ಚಿತ. ಆಟಗಾರನ ಕೆಲಸ ಕೆಳಗೆ ಬಿದ್ದ ಚೆಂಡಿಗೆ ಹಲಗೆ ಒಡ್ಡುವುದಷ್ಟೇ. ಅವನ ಇಷ್ಟಕ್ಕೆ, ಜಾಣತನಕ್ಕೆ ಅಲ್ಲಿ ಎಡೆಯೇ ಇರುತ್ತಿರಲಿಲ್ಲ. ಅಷ್ಟೇ ಅಲ್ಲ, ನಾಲ್ಕು ಗೋಡೆಗಳ ನಡುವೆ ಸಮಕೋನದಲ್ಲಿ ಪುಟಿಯುವ ಚೆಂಡು ಎಷ್ಟೋ ಸಲ ಗಾಣದ ಎತ್ತಿನಂತೆ ಸುತ್ತಿದ ದಾರಿಯನ್ನೇ ಮತ್ತೆ ಸುತ್ತುತ್ತದೆ. ಆ ದಾರಿಯಿಂದ ಆಚೆ ಉಳಿದ ಒಂದು ಇಟ್ಟಿಗೆ ಎಂದೆಂದಿಗೂ ಒಡೆಯದೆ ಕುಳಿತಿರುತ್ತಿತ್ತು.

ಈ ತೊಡಕಿಗೆ ಪರಿಹಾರ ಬ್ರೇಕ್‌ಔಟ್‌ಗಿಂತ ನಾಲ್ಕು ವರ್ಷ ಮೊದಲೇ ಸಿಕ್ಕಿತ್ತು. 1972ರಲ್ಲಿ ಅಟಾರಿಯವರೇ ಪಾಂಗ್ ಎಂಬ ಆಟ ತಂದಿದ್ದರು. ಇಬ್ಬರು ಎದುರುಬದುರು ಆಡುವ, ಟೇಬಲ್ ಟೆನಿಸ್‌ನಂಥ ಆಟ. ಅದನ್ನು ರೂಪಿಸಿದ ಎಂಜಿನಿಯರ್ ಅಲನ್ ಆಲ್ಕಾರ್ನ್ ಹಲಗೆಯನ್ನು ಕಣ್ಣಿಗೆ ಕಾಣದಂತೆ ಎಂಟು ತುಂಡುಗಳಾಗಿ ವಿಂಗಡಿಸಿದರು. ನಡುವಿನ ತುಂಡುಗಳಿಗೆ ತಾಗಿದ ಚೆಂಡು ನೇರವಾಗಿ ಹೋಗುತ್ತದೆ. ತುದಿಯ ಕಡೆ ಸರಿದಷ್ಟೂ ಹೆಚ್ಚು ಓರೆಯಾಗಿ ಹೋಗುತ್ತದೆ. ಬ್ರೇಕ್‌ಔಟ್ ಕುಲದ ಆಟಗಳೆಲ್ಲ ಈ ಉಪಾಯವನ್ನು ಒಂದಲ್ಲ ಒಂದು ರೂಪದಲ್ಲಿ ಉಳಿಸಿಕೊಂಡು ಬಂದಿವೆ. ಹಲಗೆಯ ಎಡತುದಿಯಲ್ಲಿ ಹಿಡಿದರೆ ಚೆಂಡು ಎಡಕ್ಕೆ, ಬಲತುದಿಯಲ್ಲಿ ಹಿಡಿದರೆ ಬಲಕ್ಕೆ, ನಡುವೆ ಹಿಡಿದರೆ ನೆಟ್ಟಗೆ.

ಇದು ಎಷ್ಟು ದೊಡ್ಡ ಬದಲಾವಣೆಯೆಂದು ನೋಡಿ. ಗೋಡೆ ಕೇಳುವ ಪ್ರಶ್ನೆ, ‘ಚೆಂಡೇ, ನೀನು ಯಾವ ದಿಕ್ಕಿನಿಂದ ಬಂದೆ?’ ಹಲಗೆ ಕೇಳುವ ಪ್ರಶ್ನೆ, ‘ನೀನು ನನ್ನ ಮೈಮೇಲೆ ಎಲ್ಲಿ ತಾಗಿದೆ?’ ಹಲಗೆಗೆ ಚೆಂಡಿನ ಪೂರ್ವವೃತ್ತಾಂತ ಬೇಕಿಲ್ಲ. ಚಪ್ಪಟೆ ಹಲಗೆಯೊಂದು ಹೀಗೆ ನಡೆದುಕೊಳ್ಳುವುದು ಲೋಕದಲ್ಲಿ ಎಲ್ಲೂ ಇಲ್ಲ. ಭೌತಶಾಸ್ತ್ರದ ಪರೀಕ್ಷೆಯಲ್ಲಿ ಹೀಗೆ ಬರೆದರೆ ಸೊನ್ನೆ ಅಂಕ. ಆದರೂ ಆಡುವವರು ಯಾರೂ ತಕರಾರು ತೆಗೆಯುವುದಿಲ್ಲ. ಎರಡು ನಿಮಿಷದಲ್ಲಿ ಕೈ ಅದನ್ನು ಸಹಜವೆಂದೇ ಒಪ್ಪಿಕೊಳ್ಳುತ್ತದೆ. ಈ ಒಂದು ಸುಳ್ಳಿನಿಂದಲೇ ಆಟಗಾರನಿಗೆ ಆಯ್ಕೆ ಎಂಬುದು ದೊರೆತದ್ದು. ಗೋಡೆಯಲ್ಲಿ ವಿಧಿ, ಹಲಗೆಯಲ್ಲಿ ಪ್ರಯತ್ನ. ಎರಡೂ ಇದ್ದಾಗಲೇ ಆಟ.

ಆಯ್ಕೆಗೆ ಬೆಲೆಯೂ ಇದೆ. ತುದಿಯಲ್ಲಿ ಹಿಡಿದರೆ ಬೇಕಾದ ಕಡೆಗೆ ಕಳಿಸಬಹುದು. ಆದರೆ ಕೂದಲೆಳೆ ತಪ್ಪಿದರೆ ಚೆಂಡು ಕೈಬಿಟ್ಟಿತು. ನಡುವೆ ಹಿಡಿದರೆ ಅಪಾಯವಿಲ್ಲ. ಆದರೆ ಹೊಸ ದಾರಿಯೂ ಇಲ್ಲ. ಇದರ ಮೇಲೆ ಬ್ರೇಕ್‌ಔಟ್ ಇನ್ನೆರಡು ಕಟ್ಟಳೆಗಳನ್ನು ಹೇರಿತು. ಚೆಂಡು ನಾಲ್ಕನೆಯ ಹೊಡೆತದ ನಂತರ ಒಮ್ಮೆ, ಹನ್ನೆರಡನೆಯದರ ನಂತರ ಒಮ್ಮೆ, ಕಿತ್ತಳೆ ಸಾಲನ್ನು ಮುಟ್ಟಿದಾಗ ಒಮ್ಮೆ, ಕೆಂಪು ಸಾಲನ್ನು ಮುಟ್ಟಿದಾಗ ಒಮ್ಮೆ ವೇಗ ಹೆಚ್ಚಿಸಿಕೊಳ್ಳುತ್ತದೆ. ಕೆಂಪು ಸಾಲನ್ನು ಭೇದಿಸಿ ಮೇಲ್ಗೋಡೆಗೆ ತಾಗಿತೆಂದರೆ ಹಲಗೆಯ ಉದ್ದ ಅರ್ಧಕ್ಕೆ ಇಳಿಯುತ್ತದೆ. ಗೆಲುವಿಗೆ ಹತ್ತಿರವಾದಷ್ಟೂ ಕೈಯಲ್ಲಿನ ಸಾಧನ ಕಿರಿದಾಗುತ್ತದೆ. ಇವೂ ಪ್ರಕೃತಿಯ ನಿಯಮಗಳಲ್ಲ. ಆಟ ಬೇಗ ಮುಗಿದರೆ ಬೇಸರ, ಮುಗಿಯದೇ ಹೋದರೆ ಯಂತ್ರಕ್ಕೆ ಹೊಸ ನಾಣ್ಯ ಬೀಳುವುದಿಲ್ಲ. ಈ ಎರಡರ ನಡುವೆ ವ್ಯಾಪಾರಸ್ಥರು ಕಂಡುಕೊಂಡ ಹದ ಅದು.

ಇಷ್ಟು ಕಟ್ಟುನಿಟ್ಟಿನ ನಡುವೆಯೂ ಆಟಗಾರರು ಒಂದು ಕಳ್ಳದಾರಿ ಕಂಡುಕೊಂಡರು. ಗೋಡೆಯ ಒಂದು ಪಕ್ಕದಲ್ಲೇ ಮತ್ತೆ ಮತ್ತೆ ಹೊಡೆದು ಸುರಂಗ ಕೊರೆಯುವುದು. ಚೆಂಡು ಆ ಕಿಂಡಿಯಿಂದ ನುಸುಳಿ ಮೇಲೆ ಹೋಯಿತೆಂದರೆ ಮೇಲ್ಗೋಡೆಗೂ ಇಟ್ಟಿಗೆಗಳ ಬೆನ್ನಿಗೂ ನಡುವೆ ಸಿಕ್ಕಿಕೊಂಡು ತಾನಾಗಿಯೇ ಪಟಪಟನೆ ಒಡೆಯತೊಡಗುತ್ತದೆ. ಹಲಗೆಯ ನ್ಯಾಯದಿಂದ ದಿಕ್ಕು ಆಯ್ದುಕೊಂಡು, ಉಳಿದ ಕೆಲಸವನ್ನು ಗೋಡೆಯ ನ್ಯಾಯಕ್ಕೆ ಒಪ್ಪಿಸಿ ಕೈಕಟ್ಟಿ ನೋಡುವ ಸುಖ ಅದು. ಆಟದ ಹೆಸರಿನ ಅರ್ಥವೂ ಭೇದಿಸಿ ಹೊರಬೀಳುವುದು ಎಂದೇ.

ಚೆಂಡಿನ ವೇಗ ಹೆಚ್ಚಿದಾಗ ಇನ್ನೊಂದು ವಿಚಿತ್ರ ತೊಂದರೆ ತಲೆಹಾಕುತ್ತದೆ. ಪರದೆಯ ಚೆಂಡು ಹೊಳೆಯಂತೆ ಹರಿಯುವುದಿಲ್ಲ; ಸಿನಿಮಾ ರೀಲಿನ ಚಿತ್ರಗಳಂತೆ ಹೆಜ್ಜೆ ಹೆಜ್ಜೆಗೆ ಜಿಗಿಯುತ್ತದೆ. ಇಟ್ಟಿಗೆಯ ದಪ್ಪ 6 ಚುಕ್ಕೆ, ಚೆಂಡಿನ ಒಂದು ಜಿಗಿತ 8 ಚುಕ್ಕೆ ಎಂದಾದರೆ, ಒಂದು ಹೆಜ್ಜೆಯಲ್ಲಿ ಇಟ್ಟಿಗೆಯ ಈಚೆಗಿದ್ದ ಚೆಂಡು ಮುಂದಿನ ಹೆಜ್ಜೆಯಲ್ಲಿ ಆಚೆಗಿರಬಹುದು. ನಡುವೆ ತಾಗಿದ ಕ್ಷಣವೇ ಇಲ್ಲ! ಗೋಡೆಯೊಳಗಿಂದ ಭೂತದಂತೆ ದಾಟಿದ ಹಾಗೆ. ಇದನ್ನು ತಪ್ಪಿಸಲು ಪ್ರೋಗ್ರಾಂ ಬರೆಯುವವರು ಜಿಗಿತವನ್ನು ಚಿಕ್ಕಚಿಕ್ಕ ತುಂಡು ಮಾಡುತ್ತಾರೆ, ಅಥವಾ ಚೆಂಡು ಇದ್ದ ಜಾಗಕ್ಕೂ ಹೋದ ಜಾಗಕ್ಕೂ ನಡುವೆ ಗೆರೆ ಎಳೆದು ಆ ಗೆರೆ ಇಟ್ಟಿಗೆಯನ್ನು ಹಾಯ್ದಿದೆಯೇ ಎಂದು ಲೆಕ್ಕ ಹಾಕಿಸುತ್ತಾರೆ. ಪ್ರಕೃತಿ ಪುಕ್ಕಟೆಯಾಗಿ ಮಾಡುವ ಕೆಲಸವನ್ನು ಯಂತ್ರಕ್ಕೆ ಹೀಗೆ ಹೇಳಿಕೊಡಬೇಕಾಗುತ್ತದೆ.

ಈ ಕಟ್ಟಳೆಗಳನ್ನು ಬರೆದ ಮನುಷ್ಯರ ಕಥೆಯೂ ಚಿಕ್ಕದಲ್ಲ. ಒಬ್ಬನೇ ಆಡಬಹುದಾದ ಪಾಂಗ್ ಬೇಕು ಎಂದು ಯೋಚಿಸಿದವರು ಅಟಾರಿಯ ನೋಲನ್ ಬುಶ್ನೆಲ್ ಮತ್ತು ಸ್ಟೀವ್ ಬ್ರಿಸ್ಟೋ. ಮಾದರಿ ತಯಾರಿಸುವ ಕೆಲಸವನ್ನು ಸ್ಟೀವ್ ಜಾಬ್ಸ್ ಎಂಬ ತರುಣನಿಗೆ ಒಪ್ಪಿಸಲಾಯಿತು. ಆತ ತನ್ನ ಗೆಳೆಯ ಸ್ಟೀವ್ ವೋಜ್ನಿಯಾಕ್‌ನನ್ನು ಕರೆದ. ಹಗಲು ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯಲ್ಲಿ ದುಡಿಯುತ್ತಿದ್ದ ವೋಜ್ನಿಯಾಕ್ ನಾಲ್ಕು ದಿನ ನಿದ್ದೆಗೆಟ್ಟು ವಿನ್ಯಾಸ ಮುಗಿಸಿದ. ನೂರಕ್ಕೂ ಹೆಚ್ಚು ಚಿಪ್ ಬೇಕಾಗುತ್ತಿದ್ದ ಕಾಲದಲ್ಲಿ ಆತ ಬಳಸಿದ್ದು ಸುಮಾರು 45. ವಿನ್ಯಾಸ ಎಷ್ಟು ಬಿಗಿಯಾಗಿತ್ತೆಂದರೆ ಅಟಾರಿಯವರು ಅದನ್ನು ತಯಾರಿಕೆಗೆ ಒಗ್ಗಿಸಲಾರದೆ ಬೇರೆ ವಿನ್ಯಾಸ ಮಾಡಿಸಿಕೊಂಡರು. ಈ ಕೆಲಸಕ್ಕೆ ತನಗೆ ಸಿಕ್ಕದ್ದು 350 ಡಾಲರ್, ಚಿಪ್ ಉಳಿಸಿದ್ದಕ್ಕೆ ಕಂಪನಿ ಕೊಟ್ಟ ಸಾವಿರಾರು ಡಾಲರ್‌ಗಳ ಇನಾಮು ತನಗೆ ತಿಳಿಯಲೇ ಇಲ್ಲ ಎಂದು ವೋಜ್ನಿಯಾಕ್ ಮುಂದೆ ಹೇಳಿದ್ದಾರೆ. ಜಾಬ್ಸ್ ಈ ಮಾತನ್ನು ಒಪ್ಪಲಿಲ್ಲ. ಅದೇನೇ ಇರಲಿ, ಅವರಿಬ್ಬರೂ 1976ರಲ್ಲೇ ಸೇರಿ ಆ್ಯಪಲ್ ಕಂಪನಿ ಆರಂಭಿಸಿದರು. 1977ರಲ್ಲಿ ಬಂದ ಆ್ಯಪಲ್-2 ಕಂಪ್ಯೂಟರಿಗೆ ಬಣ್ಣ, ಸದ್ದು, ಹಲಗೆ ಸರಿಸುವ ಗುಂಡಿ ಇವೆಲ್ಲ ಬಂದದ್ದರ ಹಿಂದೆ ಅದರಲ್ಲಿ ಬ್ರೇಕ್‌ಔಟ್ ಆಡಬೇಕೆಂಬ ವೋಜ್ನಿಯಾಕ್‌ನ ಹಂಬಲವೂ ಇತ್ತು. ತಂತಿ, ಚಿಪ್‌ಗಳಲ್ಲಿ ಬೆಸೆದಿದ್ದ ನಿಯಮಗಳನ್ನು ಆತ ಬೇಸಿಕ್ ಭಾಷೆಯ ಕೆಲವು ಸಾಲುಗಳಲ್ಲಿ ಬರೆದ. ಹಲಗೆ ಉದ್ದವಾಗಬೇಕೆ, ಚೆಂಡು ನಿಧಾನವಾಗಬೇಕೆ? ಒಂದು ಸಂಖ್ಯೆ ತಿದ್ದಿದರೆ ಸಾಕು. ನಿಯಮ ಮನುಷ್ಯನದು ಎಂಬುದು ಅಂದು ಕಣ್ಣಿಗೆ ಕಾಣುವಂತಾಯಿತು.

ಸುಮಾರು 40 ವರ್ಷಗಳ ನಂತರ ಈ ಹಳೆಯ ಚೆಂಡು ಮತ್ತೆ ಸುದ್ದಿಗೆ ಬಂದಿತು. ಲಂಡನ್ನಿನ ಡೀಪ್‌ಮೈಂಡ್ ಸಂಸ್ಥೆಯ ವಿಜ್ಞಾನಿಗಳು ತಾನಾಗಿಯೇ ಆಟ ಕಲಿಯುವ ಕಂಪ್ಯೂಟರ್ ಪ್ರೋಗ್ರಾಂ ಒಂದನ್ನು ರೂಪಿಸಿ, 2015ರಲ್ಲಿ ನೇಚರ್ ಪತ್ರಿಕೆಯಲ್ಲಿ ಅದರ ವಿವರ ಪ್ರಕಟಿಸಿದರು. ಅದಕ್ಕೆ ಚೆಂಡು ಎಂದರೇನು, ಹಲಗೆ ಎಂದರೇನು ಎಂದು ಯಾರೂ ಹೇಳಿಕೊಡಲಿಲ್ಲ. ಪರದೆಯ ಚಿತ್ರ ಮತ್ತು ಅಂಕ, ಇವೆರಡನ್ನೇ ಒದಗಿಸಿದರು. ಮೊದಲು ಅದು ಕುರುಡನಂತೆ ತಡಕಾಡಿತು. ನೂರಾರು ಆಟಗಳ ನಂತರ ಸುರಂಗ ಕೊರೆಯುವ ಕಳ್ಳದಾರಿಯನ್ನೂ ತಾನೇ ಕಂಡುಕೊಂಡಿತು. ಜಗತ್ತು ಬೆರಗಾಯಿತು.

ಆದರೆ 2017ರಲ್ಲಿ ಅಮೆರಿಕದ ವಿಕೇರಿಯಸ್ ಸಂಸ್ಥೆಯವರು ಇಂಥದೇ ಕ್ರಮದಲ್ಲಿ ಕಲಿತ ಪ್ರೋಗ್ರಾಮಿಗೆ ಒಂದು ಪರೀಕ್ಷೆ ಒಡ್ಡಿದರು. ಹಲಗೆಯನ್ನು ಇದ್ದ ಜಾಗಕ್ಕಿಂತ ಸ್ವಲ್ಪ ಮೇಲಕ್ಕೆ ಇಟ್ಟರು, ಅಷ್ಟೇ. ನಿಪುಣ ಆಟಗಾರನಾಗಿದ್ದ ಪ್ರೋಗ್ರಾಂ ತಬ್ಬಿಬ್ಬಾಗಿ ಸೋತಿತು. ಅದಕ್ಕೆ ರೂಢಿ ಬಂದಿತ್ತು, ನ್ಯಾಯ ತಿಳಿದಿರಲಿಲ್ಲ. ಯಾವುದು ಎಂದೂ ಬದಲಾಗದ್ದು, ಯಾವುದು ಇಂದು ಹೀಗಿದ್ದು ನಾಳೆ ಹಾಗಾಗಬಹುದಾದದ್ದು ಎಂಬ ವಿವೇಚನೆ ಅದಕ್ಕಿರಲಿಲ್ಲ.

ನ್ಯಾಮತಿಯ ಮೆತ್ತನೆಯ ಮಣ್ಣಿನಲ್ಲಿ ಲಗೋರಿ ಆಡಿ ಬೆಳೆದ ಹುಡುಗಿಯೊಬ್ಬಳು ರಜೆಗೆ ಜಗಳೂರಿನ ನೆಂಟರ ಮನೆಗೆ ಹೋದಳು ಎಂದುಕೊಳ್ಳಿ. ಮೊದಲ ಎಸೆತದಲ್ಲಿ ಚೆಂಡು ಅವಳ ತಲೆಯ ಮೇಲೆ ಹಾರಿಹೋಗುತ್ತದೆ. ಎರಡನೆಯದಕ್ಕೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾಳೆ. ಮೂರನೆಯದನ್ನು ಹಿಡಿಯುತ್ತಾಳೆ. ಚೆಂಡು ಪುಟಿಯುವ ನ್ಯಾಯ ಎರಡೂ ಊರಿನಲ್ಲಿ ಒಂದೇ, ಬದಲಾದದ್ದು ನೆಲ ಮಾತ್ರ ಎಂಬುದು ಅವಳ ಮೈಗೇ ಗೊತ್ತಾಗಿರುತ್ತದೆ. ಆ ಊರಿನ ಮಕ್ಕಳು ಲಗೋರಿಗೆ ಬೇರೆ ಕಟ್ಟಳೆ ಇಟ್ಟುಕೊಂಡಿದ್ದರೆ ಅದನ್ನು ಕೇಳಿ ತಿಳಿದುಕೊಳ್ಳುತ್ತಾಳೆ, ಒಪ್ಪಿಗೆಯಾಗದಿದ್ದರೆ ಜಗಳವನ್ನೂ ಆಡುತ್ತಾಳೆ. ನೆಲದ ಜೊತೆ ಜಗಳವಾಡಿ ಪ್ರಯೋಜನವಿಲ್ಲ, ಕಟ್ಟಳೆಯ ಜೊತೆ ಆಡಬಹುದು ಎಂದು ಯಾರೂ ಅವಳಿಗೆ ಹೇಳಿಕೊಟ್ಟಿರುವುದಿಲ್ಲ.

ಇಂದು ಮಕ್ಕಳ ಕೈಗೆ ಬರುತ್ತಿರುವ ಪರದೆಗಳಲ್ಲಿ ಗೋಡೆಯ ನ್ಯಾಯವೂ ಹಲಗೆಯ ನ್ಯಾಯವೂ ಬೆರೆತುಹೋಗಿವೆ. ಯಾವುದು ಯಾವುದೆಂದು ಹೊರಗಿನಿಂದ ತಿಳಿಯುವುದಿಲ್ಲ. ಆಟ ಏಕೆ ಇದ್ದಕ್ಕಿದ್ದಂತೆ ಕಠಿಣವಾಯಿತು, ಏಕೆ ಇನ್ನೊಂದು ಅವಕಾಶಕ್ಕೆ ದುಡ್ಡು ಕೇಳುತ್ತಿದೆ ಎಂಬುದು ಮಳೆ ಬಂದ ಹಾಗೆ, ಬಿಸಿಲು ಕಾದ ಹಾಗೆ ತಾನಾಗಿ ಆದದ್ದೆಂದು ಮಗು ತಿಳಿಯುತ್ತದೆ. ಅದು ಹಾಗಲ್ಲ, ಯಾರೋ ಕುಳಿತು ಬರೆದ ಕಟ್ಟಳೆ, ಬರೆದವರು ತಿದ್ದಲೂಬಹುದು ಎಂದು ತೋರಿಸಿಕೊಡಲು ಈ ಚೆಂಡಿಗಿಂತ ಒಳ್ಳೆಯ ಪಾಠವಿಲ್ಲ. ಅದಕ್ಕೆ ಕಂಪ್ಯೂಟರೂ ಬೇಡ. ಚೌಕಳಿ ಹಾಳೆಯ ಮೇಲೆ ಒಂದು ಪೆಟ್ಟಿಗೆ ಬರೆದು, ಬಲಕ್ಕೆ 3 ಮೇಲಕ್ಕೆ 4 ಮನೆಯಂತೆ ಪೆನ್ಸಿಲಿನಿಂದ ಚೆಂಡು ಓಡಿಸಲು ಮಕ್ಕಳಿಗೆ ಹೇಳಿ. ಗೋಡೆ ತಾಗಿದಾಗ ಏನು ಮಾಡಬೇಕೆಂದು ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. ಹಲಗೆ ತಾಗಿದಾಗ ಏನಾಗಬೇಕು ಎಂದು ಕೇಳಿ. ಅಲ್ಲಿ ಹತ್ತು ಮಕ್ಕಳಿಂದ ಹತ್ತು ಉತ್ತರ ಬರುತ್ತದೆ. ಅಷ್ಟೂ ಸರಿಯಾದ ಉತ್ತರಗಳೇ.